ನಗರದಲ್ಲೊಂದು ನೆಲೆ: ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳು, ಸಮುದಾಯ ನೀಡಬೇಕಾದ ಉತ್ತರ

(ಪದವಿ ಮುಗಿಸಿ ಸ್ನಾತಕೋತ್ತರ ಅಧ್ಯಯನಕ್ಕಾಗಿ ಬೆಂಗಳೂರಿಗೆ ಹೊರಟಿರುವ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಪ್ರವೇಶ ಪರೀಕ್ಷೆ ಬರೆದು, ಅರ್ಹತಾ ಪಟ್ಟಿಯಲ್ಲಿ ಹೆಸರು ಬಂದು, ಶುಲ್ಕವನ್ನೂ ಕಟ್ಟಿದ ಮೇಲೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಗು ಉಳಿದುಕೊಳ್ಳುವುದು ಎಲ್ಲಿ? ಈ ಪ್ರಶ್ನೆಗೆ ಸಮಾಧಾನಕರ ಉತ್ತರ ಸಿಗದೆ ಎಷ್ಟೋ ಹೆಣ್ಣು ಮಕ್ಕಳ ವಿದ್ಯಾಭ್ಯಾಸ ಪದವಿಗೇ ಮುಕ್ತಾಯವಾಗುತ್ತದೆ ಎಂಬುದು ಕಹಿಯಾದರೂ ಸತ್ಯ. ಗಂಡು ಮಕ್ಕಳ ವಿಷಯದಲ್ಲಿ ನಾವು ಅಷ್ಟು ಚಿಂತಿಸುವುದಿಲ್ಲ. ಯಾರೋ ಪರಿಚಯಸ್ಥರ ಕೋಣೆಗೆ ಅವರನ್ನು ಕಳುಹಿಸಿ ನಿಶ್ಚಿಂತರಾಗುತ್ತೇವೆ. ಇವೆರಡೂ ಸರಿಯಾದ ನಿಲುವುಗಳಲ್ಲ. ವಾಸಸ್ಥಳದ ಆಯ್ಕೆಯು ಕಾಲೇಜಿನ ಆಯ್ಕೆಯಷ್ಟೇ ಗಂಭೀರವಾದ ವಿಷಯ.

ಇಸ್ಲಾಮೀ ಇತಿಹಾಸದಲ್ಲಿ ನೆಲೆಯ ಪ್ರಶ್ನೆಗೆ ದೊಡ್ಡ ಸ್ಥಾನವಿದೆ. ಪ್ರವಾದಿ ಮುಹಮ್ಮದ್(ಸ)ರು ಮಕ್ಕಾದಿಂದ ಮದೀನಾಕ್ಕೆ ಹಿಜ್‌ರತ್ ಮಾಡಿದಾಗ ಅವರಿಗೆ ಸ್ವಂತ ಮನೆಯಿರಲಿಲ್ಲ. ಅಬೂ ಅಯ್ಯೂಬ್ ಅನ್ಸಾರಿ(ರ)ಯವರು ತಮ್ಮ ಮನೆಯನ್ನು ಅವರಿಗಾಗಿ ತೆರೆದರು. ಮಸೀದಿ ನಿರ್ಮಾಣವಾದಾಗ ಅದರ ಒಂದು ಭಾಗವಾದ ಸುಫ್ಫಾದಲ್ಲಿ ಮನೆ ಮಠವಿಲ್ಲದ ಜ್ಞಾನಾಸಕ್ತರಿಗೆ ಆಶ್ರಯ ಸಿಕ್ಕಿತು. ಅತ್ಯಧಿಕ ಹದೀಸ್‌ಗಳನ್ನು ವರದಿ ಮಾಡಿದ ಅಬೂ ಹುರೈರಾ(ರ) ಅಲ್ಲಿ ಉಳಿದುಕೊಂಡವರಲ್ಲೊಬ್ಬರು. ಅರ್ಥಾತ್, ಕಲಿಯುವವನಿಗೆ ನೆಲೆ ಒದಗಿಸುವ ಹೊಣೆ ಆತನೊಬ್ಬನದ್ದಲ್ಲ, ಸಮಾಜದ್ದೂ ಆಗಿದೆ ಎಂದು ಆ ಮಾದರಿ ಸಮಾಜವು ತೋರಿಸಿಕೊಟ್ಟಿತು.

ಮೊದಲು ವಿದ್ಯಾರ್ಥಿಗಳು ಮಾಡಬೇಕಾದುದೇನೆಂದು ನೋಡೋಣ.

ನಕ್ಷೆಯಿಂದ ಆರಂಭಿಸಿರಿ

ನಮ್ಮಲ್ಲಿ ಸಾಮಾನ್ಯವಾಗಿ ಸಂಬಂಧಿಕರು ಎಲ್ಲಿದ್ದಾರೆಂದು ನೋಡಿ ಬಡಾವಣೆಯನ್ನು ನಿರ್ಧರಿಸಲಾಗುತ್ತದೆ. ಸೀಟು ಸಿಕ್ಕಿರುವುದು ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ, ಕೋಣೆ ಹುಡುಕುವುದು ಟ್ಯಾನರಿ ರಸ್ತೆಯಲ್ಲಿ! ಪ್ರತಿದಿನ ನಗರದ ಒಂದು ಬದಿಯಿಂದ ಇನ್ನೊಂದು ಬದಿಗೆ ಪ್ರಯಾಣ. ಹೋಗಿ ಬರಲು ಮೂರು ತಾಸು ಬೇಕೆಂದಿಟ್ಟುಕೊಳ್ಳಿ. ತಿಂಗಳಿಗೆ ಇಪ್ಪತ್ತೈದು ದಿನಗಳೆಂದರೆ 75 ತಾಸುಗಳು ರಸ್ತೆಯ ಪಾಲು. ಬಾಡಿಗೆಯಲ್ಲಿ ಒಂದೆರಡು ಸಾವಿರ ಉಳಿಸಿ, ಓದಿನ 75 ತಾಸುಗಳನ್ನು ಕಳೆದುಕೊಳ್ಳುವುದು ಲಾಭದ ವ್ಯಾಪಾರವೇ?

ಆದ್ದರಿಂದ ಮೊದಲು ಕಾಲೇಜನ್ನು ಗುರುತಿಸಿ, ಅಲ್ಲಿಂದ ಅರ್ಧ ಮುಕ್ಕಾಲು ತಾಸಿನೊಳಗೆ ತಲುಪಬಹುದಾದ ಸ್ಥಳಗಳನ್ನು ಪಟ್ಟಿ ಮಾಡಿರಿ. ಜ್ಞಾನಭಾರತಿಯಲ್ಲಿ ಓದುವವರಿಗೆ ನಾಗರಬಾವಿ, ಕೆಂಗೇರಿ ಹಾಗೂ ಮೈಸೂರು ರಸ್ತೆಯ ಬಡಾವಣೆಗಳು ಹತ್ತಿರ. ಮೆಟ್ರೋದ ನೇರಳೆ ಮಾರ್ಗವು 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ವಿಸ್ತರಣೆಯಾದ ಬಳಿಕ ಜ್ಞಾನಭಾರತಿಗೂ ನಿಲ್ದಾಣ ದೊರೆತಿದೆ. ಭಾರತೀಯ ವಿಜ್ಞಾನ ಸಂಸ್ಥೆಯವರಿಗೆ ಯಶವಂತಪುರ, ಮತ್ತಿಕೆರೆ, ಮಲ್ಲೇಶ್ವರಂ ಸಮೀಪ. ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾನಿಲಯದವರಿಗೆ ಆರ್.ಟಿ. ನಗರದಿಂದ ಕೊಡಿಗೇಹಳ್ಳಿಯವರೆಗಿನ ಪ್ರದೇಶಗಳು ಅನುಕೂಲ. ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಓದುವವರಿಗಂತೂ ಬಾಗಿಲಲ್ಲೇ ಮೆಟ್ರೋ ನಿಲ್ದಾಣವಿರುವುದರಿಂದ ಆ ಮಾರ್ಗದ ದೂರದ ಬಡಾವಣೆಯೂ ಆದೀತು.

ಆದರೆ ಪ್ರಯಾಣದ ವೆಚ್ಚವನ್ನು ಬಾಡಿಗೆಯೊಂದಿಗೆ ಕೂಡಿಸಿಯೇ ಲೆಕ್ಕ ಹಾಕಬೇಕು. 2025ರ ಜನವರಿಯಲ್ಲಿ ಬಸ್ ದರ ಶೇ. 15ರಷ್ಟು ಏರಿತು. ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ನೀಡಿತು. ಹೀಗಾಗಿ ಒಬ್ಬ ವಿದ್ಯಾರ್ಥಿನಿಗೆ ನೇರ ಬಸ್ಸಿರುವ ಬಡಾವಣೆಯು ಮೆಟ್ರೋ ಪಕ್ಕದ ಬಡಾವಣೆಗಿಂತ ಅಗ್ಗವಾಗಬಹುದು.

ಎಲ್ಲಕ್ಕಿಂತ ಮೊದಲು ವಿಶ್ವವಿದ್ಯಾನಿಲಯದ ವಸತಿಗೃಹಕ್ಕೆ ಅರ್ಜಿ ಹಾಕಿರಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಸತಿನಿಲಯಗಳ ಕುರಿತು ಹಾಗೂ ಅಲ್ಲಿ ಸ್ಥಳ ಸಿಗದವರಿಗಾಗಿ ಇರುವ ನೆರವಿನ ಕುರಿತು ನಿಮ್ಮ ಜಿಲ್ಲಾ ಕಚೇರಿಯಲ್ಲೇ ವಿಚಾರಿಸಿರಿ. ಅರ್ಜಿಯ ಕೊನೆಯ ದಿನಾಂಕ ಮುಗಿದ ಮೇಲೆ ಶಾಸಕರ ಪತ್ರ ಹಿಡಿದು ಅಲೆಯುವುದು ನಮ್ಮ ಸಮುದಾಯದ ಹಳೆಯ ರೋಗ. ಸಂಶೋಧನಾ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಇಂತಹ ಕಾಲದಲ್ಲಿ ಇರುವ ಸೌಲಭ್ಯವನ್ನೂ ಅಲಕ್ಷ್ಯದಿಂದ ಕಳೆದುಕೊಳ್ಳಬಾರದು.

ಸುರಕ್ಷಿತ ಎಂದರೇನು?

ನಮ್ಮವರೇ ಇರುವ ಗಲ್ಲಿ ಸುರಕ್ಷಿತ, ಇತರರ ನಡುವಿನ ಬಡಾವಣೆ ಅಸುರಕ್ಷಿತ ಎಂಬ ಸೂತ್ರ ಬಹಳಷ್ಟು ಹೆತ್ತವರ ಮನಸ್ಸಿನಲ್ಲಿದೆ. ಈ ಭಯಕ್ಕೆ ಕಾರಣಗಳಿಲ್ಲವೆಂದು ನಾನು ಹೇಳುವುದಿಲ್ಲ. ಗಲಭೆಗಳ ಇತಿಹಾಸವನ್ನು ಕಂಡ ಸಮುದಾಯವು ಗುಂಪಾಗಿ ವಾಸಿಸಲು ಬಯಸುವುದು ಸಹಜ. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯೂ ಇದನ್ನು ದಾಖಲಿಸಿದೆ. ಮುಸ್ಲಿಮರಿಗೆ ಮನೆ ಕೊಳ್ಳಲು, ಬಾಡಿಗೆಗೆ ಪಡೆಯಲು ಎದುರಾಗುವ ಅಡ್ಡಿಗಳನ್ನೂ, ಭದ್ರತೆಯ ಆತಂಕದಿಂದ ಅವರು ಕೆಲವೇ ಪ್ರದೇಶಗಳಿಗೆ ಸೀಮಿತರಾಗುತ್ತಿರುವುದನ್ನೂ, ಆ ಪ್ರದೇಶಗಳು ನಾಗರಿಕ ಸೌಕರ್ಯಗಳಿಂದ ವಂಚಿತವಾಗುವುದನ್ನೂ ಅದು ಎತ್ತಿ ತೋರಿಸಿತು.

ಆದರೆ ವಿದ್ಯಾರ್ಥಿಯ ಮಟ್ಟಿಗೆ ಸುರಕ್ಷತೆಯ ಅಳತೆಗೋಲು ಬೇರೆ. ಬಸ್ ನಿಲ್ದಾಣದಿಂದ ಮನೆಯವರೆಗಿನ ದಾರಿಯಲ್ಲಿ ದೀಪಗಳಿವೆಯೇ? ರಾತ್ರಿ ಒಂಬತ್ತಕ್ಕೆ ಅಲ್ಲಿ ಅಂಗಡಿಗಳು ತೆರೆದಿರುತ್ತವೆಯೇ, ಮಹಿಳೆಯರು ಓಡಾಡುತ್ತಾರೆಯೇ? ಮಳೆಗಾಲದಲ್ಲಿ ರಸ್ತೆಗೆ ನೀರು ನುಗ್ಗುತ್ತದೆಯೇ? ಕಾವೇರಿ ನೀರಿದೆಯೇ ಅಥವಾ ಕೊಳವೆಬಾವಿ ಮತ್ತು ಟ್ಯಾಂಕರನ್ನೇ ನಂಬಬೇಕೇ? 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಸುಸಜ್ಜಿತ ಬಡಾವಣೆಗಳ ಜನರೂ ಕೊಡ ಹಿಡಿದು ನಿಂತುದನ್ನು ಬೆಂಗಳೂರು ಕಂಡಿದೆ. ಹಗಲಿನಲ್ಲಿ ಒಮ್ಮೆ, ಇಶಾ ನಮಾಝಿನ ಬಳಿಕ ಒಮ್ಮೆ ಹೀಗೆ ಎರಡು ಬಾರಿ ಆ ಬೀದಿಯಲ್ಲಿ ನಡೆದು ನೋಡದೆ ಮುಂಗಡ ಕೊಡಬೇಡಿರಿ.

ಪಿ.ಜಿ.ಗಳಲ್ಲಿ ಉಳಿಯುವವರು ಕಟ್ಟಡವನ್ನೂ ಪರೀಕ್ಷಿಸಬೇಕು. ಒಂದೇ ಇಕ್ಕಟ್ಟಾದ ಮೆಟ್ಟಿಲು, ಎಲ್ಲಾ ಕಿಟಕಿಗಳಿಗೂ ಕಬ್ಬಿಣದ ಸರಳು, ಹಾದಿಯಲ್ಲೇ ಗ್ಯಾಸ್ ಸಿಲಿಂಡರ್ ಇದ್ದರೆ ಬೆಂಕಿ ಬಿದ್ದಾಗ ಹೊರಬರುವುದು ಹೇಗೆ? 2024ರ ಜುಲೈಯಲ್ಲಿ ಕೋರಮಂಗಲದ ಪಿ.ಜಿ.ಯೊಂದಕ್ಕೆ ಹೊರಗಿನವನೊಬ್ಬ ರಾತ್ರಿ ನುಗ್ಗಿ ಯುವತಿಯನ್ನು ಕೊಲೆಗೈದ. ಕೋರಮಂಗಲ ಹೆಸರಾಂತ ಬಡಾವಣೆ. ಆದರೆ ಬಡಾವಣೆಯ ಹೆಸರು ಬಾಗಿಲಿನ ಕಾವಲನ್ನು ಮಾಡುವುದಿಲ್ಲ. ಬಾಗಿಲಲ್ಲಿ ಕಾವಲುಗಾರನಿದ್ದಾನೆಯೇ, ಬಂದು ಹೋಗುವವರ ದಾಖಲೆ ಇದೆಯೇ, ಕ್ಯಾಮರಾ ಕೆಲಸ ಮಾಡುತ್ತಿದೆಯೇ ಎಂದು ಕೇಳಲು ಸಂಕೋಚ ಪಡಬೇಡಿರಿ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬೇಕೆಂಬುದು ಪ್ರತಿಯೊಬ್ಬರಿಗೂ ತಿಳಿದಿರಲಿ.

ಮನೆಗಿಂತ ಮೊದಲು ನೆರೆಯವನನ್ನು ನೋಡಬೇಕೆಂಬ ಮಾತು ಅರಬರಲ್ಲಿ ರೂಢಿಯಲ್ಲಿದೆ. ಮಾಲಕರೊಂದಿಗೆ ಮಾತಾಡಿದರೆ ಸಾಲದು. ಈಗ ಅಲ್ಲಿರುವ ಬಾಡಿಗೆದಾರರೊಂದಿಗೆ, ಕೆಳಗಿನ ಅಂಗಡಿಯವರೊಂದಿಗೆ, ಸಮೀಪದ ಮಸೀದಿಯ ಇಮಾಮರೊಂದಿಗೆ ಮಾತಾಡಿರಿ. ಅಲ್ಲಿನ ಯುವಕರು ಮಾದಕ ವಸ್ತುಗಳ ದಾಸರಾಗಿದ್ದರೆ, ಸುತ್ತ ಎಷ್ಟು ಮಸೀದಿಗಳಿದ್ದರೂ ಅದು ನಿಮ್ಮ ಮಗನಿಗೆ ಸುರಕ್ಷಿತ ಸ್ಥಳವಲ್ಲ.

ಕರಾರು ಮತ್ತು ಹಣ

ಒಪ್ಪಂದವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಸಾಲದ ವ್ಯವಹಾರದ ಸಂದರ್ಭದಲ್ಲಿ ವಿವರವಾಗಿ ಕಲಿಸಿದೆ. ಆದರೆ ನಾವು 'ನಮ್ಮವರೇ ತಾನೇ' ಎಂದು ಬಾಯಿಮಾತಿನಲ್ಲೇ ಲಕ್ಷಾಂತರ ರೂಪಾಯಿ ಒಪ್ಪಿಸುತ್ತೇವೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಹಳೆಯ ರೂಢಿ. ಬಾಡಿಗೆ 15,000 ರೂ. ಆದರೆ ಮುಂಗಡ ಒಂದೂವರೆ ಲಕ್ಷ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಸಲ್ಲದೆಂದು ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯವು ಅದನ್ನು ತನ್ನ ಕಾನೂನನ್ನಾಗಿ ಮಾಡಿಕೊಂಡರೆ ಮಾತ್ರ ಬಲ ಬರುತ್ತದೆ. ಹಾಗಾಗಿ ನಿಮ್ಮ ರಕ್ಷಣೆ ಇರುವುದು ನಿಮ್ಮ ಕರಾರು ಪತ್ರದಲ್ಲಿ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಾವತಿಸಿರಿ. ಬಿಡುವಾಗ ಎಷ್ಟು ದಿನಗಳೊಳಗೆ ಮರಳಿಸಬೇಕು, ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳಲಾಗುತ್ತದೆ, ಎಷ್ಟು ತಿಂಗಳ ಮುಂಚೆ ತಿಳಿಸಬೇಕು, ವಿದ್ಯುತ್ತಿಗೆ ಪ್ರತ್ಯೇಕ ಮೀಟರ್ ಇದೆಯೇ ಎಂಬುದೆಲ್ಲ ಅದರಲ್ಲಿರಲಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಾಯಿಸಲೇಬೇಕಾಗಿರುವುದರಿಂದ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಅದನ್ನು ನವೀಕರಿಸಲು ಮರೆಯಬೇಡಿರಿ. ಮನೆ ಸೇರುವ ದಿನ ಗೋಡೆ, ನಲ್ಲಿ, ಬಾಗಿಲುಗಳ ಚಿತ್ರ ತೆಗೆದಿಟ್ಟುಕೊಳ್ಳಿರಿ.

ಭೋಗ್ಯದ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಬಾಡಿಗೆಯೇ ಇಲ್ಲ, ಹಲವು ಲಕ್ಷ ಕೊಟ್ಟು ಎರಡು ಮೂರು ವರ್ಷ ಉಳಿದು ಹಣ ವಾಪಸ್ ಪಡೆಯಬಹುದು ಎಂಬ ಮಾತಿಗೆ ಮರುಳಾಗಿ, ಮಗಳ ಮದುವೆಗೆಂದು ಇಟ್ಟ ಹಣವನ್ನು ಮಗನ ಕೋಣೆಗೆ ಹಾಕುವವರಿದ್ದಾರೆ. ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಮಾಲಕ ಸಾಲ ಕಟ್ಟದಿದ್ದರೆ ನಿಮ್ಮ ಹಣದ ಗತಿಯೇನು? ಇ.ಸಿ. ಎಂದು ಕರೆಯಲಾಗುವ ಋಣಭಾರ ಪ್ರಮಾಣಪತ್ರವನ್ನು ನೋಡದೆ, ಕರಾರನ್ನು ನೋಂದಾಯಿಸದೆ ಭೋಗ್ಯಕ್ಕೆ ಕೈ ಹಾಕಬಾರದು. ಕೊಟ್ಟ ಹಣದ ಮೇಲೆ ಮನೆಯ ಲಾಭ ಪಡೆಯುವುದು ಬಡ್ಡಿಗೆ ಸಮಾನವಾದೀತೆಂಬ ವಿದ್ವಾಂಸರ ಆಕ್ಷೇಪವೂ ಇದೆ. ವಿದ್ಯಾರ್ಥಿಗೆ ಬಾಡಿಗೆಯೇ ಲೇಸು.

ಬಾಗಿಲು ಮುಚ್ಚುವವರು

ಇನ್ನು ಎಲ್ಲರ ಮನಸ್ಸಿನಲ್ಲಿರುವ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಎಲ್ಲವೂ ಕುದುರುತ್ತದೆ, ಹೆಸರು ಹೇಳಿದೊಡನೆ ಮನೆ ಬೇರೆಯವರಿಗೆ ಹೋಗಿಬಿಟ್ಟಿರುತ್ತದೆ! ದೇಶದ ಯಾವುದೇ ಭಾಗದಲ್ಲಿ ವಾಸಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನೀಡಿದೆ. ಧರ್ಮದ ಆಧಾರದಲ್ಲಿ ತಾರತಮ್ಯವನ್ನು 15ನೇ ವಿಧಿ ನಿಷೇಧಿಸಿದೆ. ಆದರೆ ಆ ನಿಷೇಧವು ಮುಖ್ಯವಾಗಿ ಸರಕಾರಕ್ಕೆ ಹಾಗೂ ಸಾರ್ವಜನಿಕ ಸ್ಥಳಗಳಿಗೆ ಅನ್ವಯಿಸುತ್ತದೆ, ಖಾಸಗಿ ಮನೆಯ ಬಾಗಿಲಿನಲ್ಲಿ ನಿಂತುಬಿಡುತ್ತದೆ. ಒಂದೇ ಸಮುದಾಯಕ್ಕೆ ಸೀಮಿತವಾದ ಗೃಹನಿರ್ಮಾಣ ಸಹಕಾರಿ ಸಂಘದ ನಿಯಮವನ್ನು ಸುಪ್ರೀಮ್ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ವಸತಿ ತಾರತಮ್ಯದ ವಿರುದ್ಧ ಸ್ಪಷ್ಟ ಕಾನೂನು ಬೇಕೆಂಬ ಬೇಡಿಕೆಯನ್ನು ಎಲ್ಲಾ ನ್ಯಾಯಪ್ರಿಯರೊಂದಿಗೆ ಸೇರಿ ನಾವು ಮುಂದಿಡಲೇಬೇಕು.

ವಿದ್ಯಾರ್ಥಿಗಳಿಗೆ ನನ್ನ ಸಲಹೆಯೇನೆಂದರೆ, ಹೆಸರನ್ನು ಮರೆಮಾಚಬೇಡಿರಿ. ಮೊದಲ ಮಾತಿನಲ್ಲೇ ಹೇಳಿಬಿಡಿರಿ. ಬಸ್ ದರ ಮತ್ತು ಸಮಯ ಎರಡೂ ಉಳಿಯುತ್ತವೆ. ಹತ್ತು ಮಂದಿ ನಿರಾಕರಿಸಿದರೆ ಹನ್ನೊಂದನೆಯವರು ಕೊಡುತ್ತಾರೆ. ಆ ಹನ್ನೊಂದನೆಯ ಮನೆಯಲ್ಲಿ ನೀವು ಬದುಕುವ ರೀತಿಯು ಮುಂದೆ ಬರುವ ಹತ್ತು ವಿದ್ಯಾರ್ಥಿಗಳಿಗೆ ಬಾಗಿಲನ್ನು ತೆರೆಯಲೂಬಹುದು, ಮುಚ್ಚಲೂಬಹುದು.

ಹಾಗಾದರೆ ನಮ್ಮ ಬಾಗಿಲುಗಳು ತೆರೆದಿವೆಯೇ? ನಮ್ಮ ಬಡಾವಣೆಗಳಲ್ಲಿ ಮೂರು ಮಹಡಿಗಳ ಮಾಲಕರಾದವರು ಎಷ್ಟು ಮಂದಿ ದಲಿತ ವಿದ್ಯಾರ್ಥಿಗೆ, ಈಶಾನ್ಯ ರಾಜ್ಯಗಳ ಯುವತಿಗೆ ಮನೆ ಕೊಟ್ಟಿದ್ದಾರೆ? ನಮ್ಮದೇ ಸಮುದಾಯದ ಒಂಟಿ ವಿದ್ಯಾರ್ಥಿನಿಗೆ 'ಫ್ಯಾಮಿಲಿಗೆ ಮಾತ್ರ' ಎಂದು ಹೇಳಿ ಕಳುಹಿಸುವವರು ನಾವಲ್ಲವೇ? 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಆಗ ಮುಸ್ಲಿಮ್ ಸಂಘಟನೆಗಳ ಕಾರ್ಯಕರ್ತರು ನಿಲ್ದಾಣಕ್ಕೆ ತೆರಳಿ ಅವರಲ್ಲಿ ಧೈರ್ಯ ತುಂಬಲು ಶ್ರಮಿಸಿದರು. ಆ ಕೆಲಸ ಶ್ಲಾಘನೀಯ. ಆದರೆ ನಿಲ್ದಾಣದಲ್ಲಿ ಆಡುವ ಅಭಯದ ಮಾತನ್ನು ಮನೆಯ ಪಕ್ಕದಲ್ಲಿ ಮೊದಲೇ ಆಡಿದ್ದರೆ ಅದರ ಬಲವೇ ಬೇರೆ. ಸಮೀಪದ ನೆರೆಯವನಿಗೂ ದೂರದ ನೆರೆಯವನಿಗೂ ಒಳಿತು ಮಾಡಬೇಕೆಂದು ಕುರ್‌ಆನ್ ಆದೇಶಿಸಿದೆ. ತನ್ನ ಉಪದ್ರವದಿಂದ ನೆರೆಯವನಿಗೆ ನೆಮ್ಮದಿಯಿಲ್ಲದಂತೆ ಮಾಡುವವನ ವಿಶ್ವಾಸವನ್ನೇ ಪ್ರವಾದಿ(ಸ) ನಿರಾಕರಿಸಿದ್ದಾರೆ. ಅಲ್ಲಿ ನೆರೆಯವನ ಧರ್ಮ ಯಾವುದೆಂಬ ಷರತ್ತಿಲ್ಲ.

ಜಮಾಅತ್‌ಗಳ ಮುಂದೆ ನಾನೊಂದು ವಿನಂತಿ ಇಡುತ್ತೇನೆ. ಮಸೀದಿಯ ಮೇಲೆ ಇನ್ನೊಂದು ಮಿನಾರ ಕಟ್ಟಿಸುವ ಮುನ್ನ, ಹತ್ತು ವಿದ್ಯಾರ್ಥಿನಿಯರಿಗೆ ಸಾಕಾಗುವ ಒಂದು ಬಾಡಿಗೆ ಮನೆಯನ್ನು ನಗರದಲ್ಲಿ ಹಿಡಿದು, ಒಬ್ಬ ಜವಾಬ್ದಾರಿಯುತ ಮಹಿಳೆಯನ್ನು ವಾರ್ಡನ್ ಆಗಿ ನೇಮಿಸಲು ಸಾಧ್ಯವೇ ಎಂದು ಯೋಚಿಸಿರಿ. ಮುಂಗಡದ ಹಣವನ್ನು ಬಡ್ಡಿರಹಿತ ಸಾಲವಾಗಿ ನೀಡುವ ನಿಧಿಯೊಂದನ್ನು ಸ್ಥಾಪಿಸಿರಿ. ಆ ಹಣ ಖರ್ಚಾಗುವುದಿಲ್ಲ. ಒಬ್ಬ ವಿದ್ಯಾರ್ಥಿ ಮನೆ ಬಿಟ್ಟಾಗ ಮರಳಿ ಇನ್ನೊಬ್ಬನಿಗೆ ಸಲ್ಲುತ್ತದೆ. ನಗರದಲ್ಲಿ ಈಗಾಗಲೇ ಇರುವ ಹಿರಿಯ ವಿದ್ಯಾರ್ಥಿಗಳು ಹೊಸಬರೊಂದಿಗೆ ಒಂದು ದಿನ ಮನೆ ಹುಡುಕಲು ಹೋಗಲಿ. ಇದಕ್ಕೆ ಹಣವೂ ಬೇಡ.

ಹೆತ್ತವರೇ, ನಿಮ್ಮ ಮಗಳ ಕೈಯಲ್ಲಿರುವ ಪ್ರವೇಶ ಪತ್ರವು ಆಕೆಯ ವರ್ಷಗಳ ಪರಿಶ್ರಮದ ಫಲ. ನಗರಕ್ಕೆ ಹೆದರಿ ಅದನ್ನು ಪೆಟ್ಟಿಗೆಯಲ್ಲಿ ಮಡಚಿಡಬೇಡಿರಿ. ಆಕೆಯ ಜೊತೆಗೆ ಹೋಗಿರಿ, ಬೀದಿಯನ್ನು ನೋಡಿರಿ, ನೆರೆಯವರನ್ನು ಮಾತಾಡಿಸಿರಿ, ಕರಾರನ್ನು ಓದಿರಿ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡುವುದನ್ನು ಕಲಿಸಿದ ಧರ್ಮ ನಮ್ಮದು. ಜ್ಞಾನವನ್ನು ಅರಸಿ ಹೊರಟ ನಮ್ಮ ಮಕ್ಕಳಿಗೆ ಅಲ್ಲಾಹನು ಸುರಕ್ಷಿತ ನೆಲೆಯನ್ನೂ ಸಜ್ಜನ ನೆರೆಯವರನ್ನೂ ಕರುಣಿಸಲಿ, ನಮ್ಮನ್ನು ಇತರರಿಗೆ ಅಂತಹ ನೆರೆಯವರನ್ನಾಗಿ ಮಾಡಲಿ. ಆಮೀನ್.