ಸುಟ್ಟರೂ ಉಳಿಯುವ ವಿಷ



ಯುದ್ಧ ಮುಗಿದ ಮೇಲೂ ಮದ್ದುಗುಂಡುಗಳು ಉಳಿಯುತ್ತವೆ. ಸಿಡಿಯದೆ ಬಿದ್ದವು, ಅವಧಿ ಮೀರಿದವು, ಶತ್ರುವಿನಿಂದ ವಶಪಡಿಸಿಕೊಂಡವು, ಇವೆಲ್ಲವನ್ನೂ ಏನು ಮಾಡಬೇಕೆಂಬ ಪ್ರಶ್ನೆಗೆ ಸೇನೆಗಳು ಬಹುಕಾಲ ಕಂಡುಕೊಂಡ ಸುಲಭೋಪಾಯವೆಂದರೆ ಬಯಲಿನಲ್ಲಿ ಸುಡುವುದು, ಗುಂಡಿಯಲ್ಲಿಟ್ಟು ಸಿಡಿಸುವುದು ಅಥವಾ ಸಮುದ್ರಕ್ಕೆ ಎಸೆಯುವುದು. ಸ್ಫೋಟಕವು ಬಹುಪಾಲು ಉರಿದುಹೋಗುತ್ತದೆ. ಲೋಹಕ್ಕೆ ಆ ಅಂತ್ಯವಿಲ್ಲ. ಕಿಡಿ ಹೊತ್ತಿಸುವ ಮದ್ದಿನಲ್ಲಿರುವ ಸೀಸ, ಹಿತ್ತಾಳೆಯ ಕೋಶದಲ್ಲಿರುವ ತಾಮ್ರ ಮತ್ತು ಸತು ಬೆಂಕಿಯಲ್ಲಿ ರೂಪ ಬದಲಿಸಿ ಬೂದಿಯಾಗಿ, ಹೊಗೆಯಾಗಿ ಮತ್ತೆ ಅದೇ ನೆಲಕ್ಕೆ ಇಳಿಯುತ್ತವೆ.

ಫ್ರಾನ್ಸಿನ ವರ್ಡನ್ ಪ್ರದೇಶ ಇದಕ್ಕೆ ಸಾಕ್ಷಿ. 1916ರಲ್ಲಿ ಅಲ್ಲಿ ತಿಂಗಳುಗಟ್ಟಲೆ ನಡೆದ ಕದನ ಲೋಕಪ್ರಸಿದ್ಧ. ಅದರ ಸಮೀಪದ ಸ್ಪಿಂಕೂರ್ ಅರಣ್ಯದಲ್ಲಿ 1928ರಲ್ಲಿ ಸುಮಾರು 2 ಲಕ್ಷ ರಾಸಾಯನಿಕ ಶೆಲ್ಲುಗಳನ್ನು ಸುಡಲಾಯಿತು. ಜರ್ಮನ್ ಸೇನೆಯ ಒಂದು ಬಗೆಯ ಶೆಲ್ಲುಗಳಲ್ಲಿ ಪಾಷಾಣ, ಅಂದರೆ ಆರ್ಸೆನಿಕ್, ಬೆರೆತ ರಾಸಾಯನಿಕವಿರುತ್ತಿತ್ತು. ಆರ್ಸೆನಿಕ್ ಕಟ್ಟುನಿಟ್ಟಾಗಿ ಹೇಳುವುದಾದರೆ ಅರೆಲೋಹ; ಆದರೂ ವಿಷದ ಲೆಕ್ಕದಲ್ಲಿ ಅದನ್ನು ಭಾರಲೋಹಗಳ ಸಾಲಿನಲ್ಲಿಯೇ ಇರಿಸುತ್ತಾರೆ. ಟೋಬಿಯಾಸ್ ಬೌಸಿಂಗರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ನೆಲದ ಮೇಲ್ಮಣ್ಣಿನಲ್ಲಿ ಕೆಲವೆಡೆ ತೂಕದ ಶೇಕಡಾ 17ಕ್ಕೂ ಹೆಚ್ಚು ಆರ್ಸೆನಿಕ್ ಇತ್ತು. ಜೊತೆಗೆ ಸತು, ತಾಮ್ರ, ಸೀಸಗಳೂ ಅಪಾರವಾಗಿದ್ದವು. ಸುಟ್ಟು ಸುಮಾರು ಎಂಬತ್ತು ವರ್ಷ ಕಳೆದರೂ ಅತಿ ಕಲುಷಿತ ಭಾಗದಲ್ಲಿ ಬದುಕಿದ್ದುದು ವಿಷ ಸಹಿಸಬಲ್ಲ ಒಂದು ಹುಲ್ಲು, ಒಂದು ಹಾವಸೆ, ಒಂದು ಕಲ್ಲುಹೂ ಮಾತ್ರ. ಸಾರ್ವಜನಿಕರ ಪ್ರವೇಶವನ್ನು ನಿಷೇಧಿಸಿದ್ದು 2012ರಲ್ಲಿ.

ಕಾಡಿನೊಳಗಿನ ಆ ಬೋಳು ನೆಲ ತನ್ನ ಕಥೆಯನ್ನು ತಾನೇ ಹೇಳುತ್ತಿತ್ತು. ಅದೇ ಸೀಮೆಯ ಹೊಲಗಳಲ್ಲಿ ಅಂಥ ಯಾವ ಗುರುತೂ ಉಳಿದಿರಲಿಲ್ಲ. ಯುದ್ಧಾನಂತರದ ವರ್ಷಗಳಲ್ಲಿ ಗುತ್ತಿಗೆ ಪಡೆದ ಸಂಸ್ಥೆಯೊಂದು ಅಲ್ಲಿ ಸುಮಾರು 15 ಲಕ್ಷ ರಾಸಾಯನಿಕ ಶೆಲ್ಲುಗಳನ್ನು ನಾಶಪಡಿಸಿತ್ತು. ಕೆಲಸ ಮುಗಿದ ಮೇಲೆ ನೆಲ ಮತ್ತೆ ಉಳುಮೆಗೆ ಬಂತು, ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಊರಿನ ನೆನಪೂ ಮಾಸಿತು. ಭೂವಿಜ್ಞಾನಿ ಡೇನಿಯಲ್ ಹ್ಯೂಬೆ ಹಳೆಯ ಕಡತಗಳನ್ನು ಶೋಧಿಸಿದ ನಂತರವೇ ಆ ಸ್ಥಳ ಮತ್ತೆ ಬೆಳಕಿಗೆ ಬಂದದ್ದು. 2015ರಲ್ಲಿ ಸುತ್ತಲ ಕೆಲವು ರೈತರ ಬೆಳೆ ಮತ್ತು ಹಾಲಿನ ಮಾರಾಟಕ್ಕೆ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ತಾವು ಮಾಡದ ಯುದ್ಧದ, ತಾವು ಕಾಣದ ಬೆಂಕಿಯ ದಂಡವನ್ನು ಆ ರೈತರು ತೆರಬೇಕಾಯಿತು.

ಹಾಗಾದರೆ ಇಂಥ ನೆಲದ ಮೇಲೆ ನಿಗಾ ಇಡುವುದು ಹೇಗೆ? ಒಂದು ಹಿಡಿ ಮಣ್ಣನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಸಾಲದು. ಲೋಹವು ಚೂರುಚೂರಾಗಿ ಚದುರಿರುವುದರಿಂದ ಒಂದು ಹಿಡಿಯಲ್ಲಿ ವಿಪರೀತ ಕಂಡದ್ದು ಎರಡು ಅಡಿಯಾಚೆ ಕಾಣದೇ ಹೋಗಬಹುದು. ಆದುದರಿಂದ ನೆಲವನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆಗಳಿಂದ ಅಲ್ಪಸ್ವಲ್ಪ ಮಣ್ಣು ತೆಗೆದು ಒಂದಾಗಿ ಬೆರೆಸಿ ಪರೀಕ್ಷಿಸಬೇಕು. ಅದನ್ನೇ ಮತ್ತೆ ಮತ್ತೆ ಮಾಡಿ ಫಲಿತಾಂಶ ಹೊಂದುತ್ತದೆಯೇ ಎಂದು ನೋಡಬೇಕು. ಎಲ್ಲ ಮಣ್ಣಿನಲ್ಲಿಯೂ ಸಹಜವಾಗಿಯೇ ಅಷ್ಟಿಷ್ಟು ಲೋಹವಿರುವುದರಿಂದ, ಸುಡದ ಅದೇ ಜಾತಿಯ ಮಣ್ಣಿನೊಡನೆ ಹೋಲಿಸದೆ ಯಾವ ಅಂಕಿಗೂ ಅರ್ಥವಿಲ್ಲ.

ನೀರಿನ ಪರೀಕ್ಷೆಗೂ ಇದೇ ಎಚ್ಚರ ಬೇಕು. ಸ್ಥಳದ ಮೇಲ್ಭಾಗದಲ್ಲಿ ಒಂದು, ಕೆಳಭಾಗದಲ್ಲಿ ಕೆಲವು ಬಾವಿಗಳನ್ನು ಆರಿಸಿಕೊಂಡು ಋತು ಋತುವಿಗೂ ಅಳೆಯಬೇಕು. ಸೀಸವು ಸಾಮಾನ್ಯವಾಗಿ ಮಣ್ಣಿನ ಕಣಕ್ಕೆ ಅಂಟಿಕೊಂಡು, ಕೊಚ್ಚಿಹೋಗುವ ಹೂಳಿನೊಡನೆ ಸಾಗುತ್ತದೆ. ಮಣ್ಣು ಆಮ್ಲೀಯವಾದಷ್ಟೂ ಹೆಚ್ಚು ಕರಗುತ್ತದೆ. ಆರ್ಸೆನಿಕ್ ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಬಿಡುಗಡೆ ಪಡೆದು ಅಂತರ್ಜಲ ಸೇರಬಲ್ಲದು. ಆದುದರಿಂದ ನೀರನ್ನು ಸೋಸಿದ ಮೇಲೂ ಸೋಸುವ ಮುನ್ನವೂ ಪರೀಕ್ಷಿಸಬೇಕು. ಬೇಸಿಗೆಯ ತಿಳಿನೀರನ್ನು ಮಾತ್ರ ಅಳೆದು ನೆಮ್ಮದಿಯ ವರದಿ ಬರೆಯುವುದು ಸುಲಭ. ಮೊದಲ ಮಳೆಯ ಕೆನ್ನೀರನ್ನೂ ಅಳೆದಾಗಲೇ ಸತ್ಯ ತಿಳಿಯುವುದು. ಇಳಿಜಾರಿನ, ಮಳೆಯ ನಾಡಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೂ ಸೀಸಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಕಣ್ಣಿಗೂ ನಾಲಿಗೆಗೂ ಗೊತ್ತಾಗದ ಪ್ರಮಾಣವಿದು.

ಆದರೆ ಇಷ್ಟೆಲ್ಲ ವಿಧಾನಗಳೂ ಎಲ್ಲಿ ಅಳೆಯಬೇಕೆಂಬುದು ತಿಳಿದಿದ್ದರೆ ಮಾತ್ರ ಉಪಯುಕ್ತ. ಸ್ಪಿಂಕೂರಿನ ಹೊಲಗಳಲ್ಲಿ ಕೊರತೆಯಾದದ್ದು ಉಪಕರಣಕ್ಕಲ್ಲ, ದಾಖಲೆಯ ಅರಿವಿಗೆ. ಸೈನಿಕ ಗೋಪ್ಯತೆಗೆ ಅದರದೇ ಕಾರಣಗಳಿರಬಹುದು. ಆದರೆ ನಾಶವಾಗಿಹೋದ ಶಸ್ತ್ರದಲ್ಲಿ ಕಾಯಬೇಕಾದ ಗುಟ್ಟೇನೂ ಉಳಿದಿರುವುದಿಲ್ಲ. ಉಳಿದಿರುವುದು ನೆಲದೊಳಗಿನ ಲೋಹ, ಆ ನೆಲದ ಅನ್ನ ಉಣ್ಣುವ ಜನ. ಆದ್ದರಿಂದ ಮದ್ದುಗುಂಡು ಸುಟ್ಟ ಪ್ರತಿಯೊಂದು ಸ್ಥಳದ ನಕ್ಷೆ, ವರ್ಷ, ಸುಟ್ಟ ವಸ್ತುವಿನ ಬಗೆ, ಆಮೇಲಿನ ಪರೀಕ್ಷೆಗಳ ಅಂಕಿ, ಇವಿಷ್ಟೂ ಭೂದಾಖಲೆಯ ಭಾಗವಾಗಬೇಕು. ಸುಡುವ ಮುನ್ನವೇ ಮಣ್ಣು ಮತ್ತು ನೀರಿನ ಸ್ಥಿತಿಯನ್ನು ಅಳೆದು ಬರೆದಿಡಬೇಕು. ಪರೀಕ್ಷೆಯ ವರದಿ ಆ ಊರಿನವರ ಭಾಷೆಯಲ್ಲಿ, ಆ ಊರಿನವರ ಕೈಗೆ ಸಿಗಬೇಕು.

ಬೂದಿ ಮುಚ್ಚಿದ ಕೆಂಡವಾದರೋ ಕಾಲಾನಂತರ ಆರುತ್ತದೆ. ಬೂದಿ ಮುಚ್ಚಿದ ಲೋಹ ಆರುವುದಿಲ್ಲ. ಅದರ ಆಯುಷ್ಯ ಮನುಷ್ಯರ ನೆನಪಿಗಿಂತ ದೀರ್ಘವಾದುದರಿಂದ, ನೆನಪಿಡುವ ಹೊಣೆಯನ್ನು ಕಾಗದಕ್ಕೂ ಕಾನೂನಿಗೂ ವಹಿಸಲೇಬೇಕು.