ಅಹವಾಲು ಮಂಡಿಸುವ ಬಗೆ



ನ್ಯಾಯವಾದ ಅಹವಾಲೂ ಸಿದ್ಧತೆಯಿಲ್ಲದಿದ್ದರೆ ಸಭೆಯ ಗದ್ದಲದಲ್ಲಿ ಕಳೆದುಹೋಗುತ್ತದೆ. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ವಿರೋಧಿಸಿದ ಉತ್ತರ ಕನ್ನಡದ ಅಡಕೆ ಬೆಳೆಗಾರರು ಇದನ್ನು ಅರಿತಿದ್ದರು. ಘೋಷಣೆಗಳಿಗಷ್ಟೇ ನಿಲ್ಲದೆ, 1981ರಲ್ಲಿ ಶಿರಸಿಗೆ ವಿಜ್ಞಾನಿಗಳನ್ನು ಕರೆಸಿ, ಯೋಜನೆಯ ಲಾಭದೊಡನೆ ಮುಳುಗಲಿದ್ದ ಕಾಡು, ತೋಟಗಳ ನಷ್ಟವನ್ನೂ ಚರ್ಚೆಗೆ ಇಟ್ಟರು. ಅಂದು ಯೋಜನೆ ನಿಂತಿತು.

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಆಲಿಕೆ ಸಭೆಗೆ ಕನಿಷ್ಠ 30 ದಿನಗಳ ಕಾಲಾವಕಾಶವಿಟ್ಟು ಪ್ರಕಟಣೆ ಹೊರಡಿಸಬೇಕು. ಅದೇ ಸಿದ್ಧತೆಯ ಕಾಲ. ವರದಿಯ ಕನ್ನಡ ಸಾರಾಂಶವನ್ನು ಊರವರು ಒಟ್ಟಿಗೆ ಕುಳಿತು ಓದಬೇಕು. ಕೆರೆಗೆ ನೀರು ತರುವ ಹಳ್ಳಗಳಾವುವು, ಆ ಕೆರೆಯನ್ನು ನಂಬಿದ ತೋಟಗಳೆಷ್ಟು ಎಂಬುದನ್ನು ವಿದ್ಯಾರ್ಥಿಗಳು ನಡೆದು ನೋಡಿ ಎಣಿಸಬೇಕು.

ಮಾತನಾಡುವವರು ಒಂದು ಸಂಗತಿ, ಅದಕ್ಕೊಂದು ಆಧಾರ, ಕೊನೆಗೊಂದು ಬೇಡಿಕೆ ಇಷ್ಟನ್ನೇ ಹೇಳಲಿ. ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಹೇಳುವುದು ಬೇಡ. ‘ಕಾಡು ಉಳಿಸಿ’ ಎಂದಷ್ಟೇ ಕೂಗಿದರೆ ಉತ್ತರ ಬಾರದು. ‘ಈ ಹಳ್ಳ ಬತ್ತಿದರೆ ಈ ಕೆರೆಗೆ ನೀರೆಲ್ಲಿಂದ?’ ಎಂದು ಕೇಳಿದರೆ ಉತ್ತರಿಸಬೇಕಾಗುತ್ತದೆ. ಹೇಳಿದ್ದನ್ನು ಬರೆದೂ ಕೊಡಬೇಕು.

ಸಭೆಯ ಕೊನೆಯಲ್ಲಿ ನಡವಳಿಯ ಸಾರವನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬುದು ನಿಯಮ. ಅದನ್ನು ಕೇಳದೆ, ತಮ್ಮ ಮಾತು ಅದರಲ್ಲಿ ಸೇರಿದೆಯೇ ಎಂದು ನೋಡದೆ ಯಾರೂ ಎದ್ದು ಹೋಗಬಾರದು.