ಗುರುವಾರ ಬರುವ ಅಂಕಿ

ನಮ್ಮ ನ್ಯೂಸ್ ರೂಮಿನಲ್ಲಿ ನೀವು ಯಾವತ್ತೂ ಮುಖ ನೋಡಿರದ ಒಬ್ಬರಿದ್ದಾರೆ. ವರದಿಗಾರರಲ್ಲ, ಕ್ಯಾಮೆರಾ ಹಿಡಿಯೋರಲ್ಲ. ಹುದ್ದೆಯ ಹೆಸರು ಆಡಿಯನ್ಸ್ ಅನಲಿಟಿಕ್ಸ್ ಮ್ಯಾನೇಜರ್. ನೀವು ಏನು ನೋಡ್ತೀರಿ, ಎಷ್ಟು ಹೊತ್ತು ನೋಡ್ತೀರಿ, ಯಾವ ನಿಮಿಷಕ್ಕೆ ರಿಮೋಟ್ ಒತ್ತಿ ಪಕ್ಕದ ಚಾನೆಲ್‌ಗೆ ಹಾರ್ತೀರಿ ಅನ್ನೋ ಲೆಕ್ಕ ಇಡೋರು. ನನ್ನ ಹಾಗೇ ಇಂಜಿನಿಯರಿಂಗ್ ಓದಿ, ಸುದ್ದಿಮನೆಗೆ ಬಂದು ಬಿದ್ದವರು.

ಗುರುವಾರ ಬಂತೆಂದರೆ ಅವರ ಕುರ್ಚಿಯ ಸುತ್ತ ಜನ. ಬಾರ್ಕ್ ಸಂಸ್ಥೆ ರೇಟಿಂಗ್ ಕೊಡೋದು ಅವತ್ತು. ಮಕ್ಕಳಿಗೆ ಎಸ್ಸೆಸ್ಸೆಲ್ಸಿ ರಿಸಲ್ಟ್ ವರ್ಷಕ್ಕೊಮ್ಮೆ, ನಮಗೆ ವಾರವಾರ.

ಈ ಅಂಕಿ ಬರೋದು ಹೇಗೆ ಗೊತ್ತಾ? ಚಾನೆಲ್‌ನ ಧ್ವನಿಯೊಳಗೆ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ. ಆಯ್ದ ಮನೆಗಳಲ್ಲಿ ಇಟ್ಟ ಮೀಟರ್ ಆ ಗುರುತನ್ನು ಹಿಡಿಯುತ್ತೆ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಟನ್. ನೋಡೋಕೆ ಕೂತವರು ಅದನ್ನು ಒತ್ತಬೇಕು. ಬಟನ್ ಒತ್ತಿ ಅಜ್ಜಿ ತೂಕಡಿಸಿದರೂ ಲೆಕ್ಕಕ್ಕೆ ಅವರು ವೀಕ್ಷಕರೇ, ಏನು ಮಾಡೋಕಾಗಲ್ಲ.

2025ರಲ್ಲಿ ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಟಿವಿ ಇರುವ ಮನೆ ಸುಮಾರು 23 ಕೋಟಿ, ಮೀಟರ್ ಸುಮಾರು 58,000. ಹತ್ತಿರಹತ್ತಿರ 4,000 ಮನೆಗೆ ಒಂದು. ಇಷ್ಟು ಕಮ್ಮಿನಾ ಅಂತ ಬೈಯೋರಿದ್ದಾರೆ. ನಾನು ಬೈಯಲ್ಲ. ಅನ್ನ ಬೆಂದಿದೆಯಾ ಅಂತ ನೋಡೋಕೆ ಇಡೀ ಪಾತ್ರೆ ಹಿಸುಕಬೇಕಾಗಿಲ್ಲ. ತೊಂದರೆ ಇರೋದು ಬೇರೆ ಕಡೆ. ಇಡೀ ದೇಶದ ಲೆಕ್ಕಕ್ಕೆ ಸಾಕಾಗುವ ಮೀಟರ್‌ಗಳನ್ನು ಒಂದು ರಾಜ್ಯಕ್ಕೆ, ಅದರಲ್ಲೂ ಸುದ್ದಿ ನೋಡೋರಿಗೆ, ಅದರಲ್ಲೂ ರಾತ್ರಿ ಒಂಬತ್ತರ ಅರ್ಧ ಗಂಟೆಗೆ ಅಂತ ಸೀಳುತ್ತಾ ಹೋದರೆ ಉಳಿಯೋದು ಎಷ್ಟು ಅಗುಳು? ಆಗ ಬೆರಳೆಣಿಕೆಯ ಮನೆಗಳ ರಿಮೋಟ್ ನಮ್ಮನ್ನು ಮೇಲೆ ಎತ್ತುತ್ತೆ, ಕೆಳಗೂ ಇಳಿಸುತ್ತೆ. ನಾವು ಕಾರಣ ಹುಡುಕ್ತಾ ಕೂರ್ತೀವಿ, ಆಂಕರ್ ಸೀರೆ ಬಣ್ಣ ಸರಿಯಿರಲಿಲ್ಲವಾ ಅನ್ನೋವರೆಗೆ!

2020ರ ಅಕ್ಟೋಬರ್ ನೆನಪಿರಬೇಕು. ಮೀಟರ್ ಇರುವ ಮನೆಯವರಿಗೆ ದುಡ್ಡು ಕೊಟ್ಟು ಚಾನೆಲ್ ಹಾಕಿಸಿದ್ದಾರೆ ಅಂತ ಮುಂಬೈ ಪೊಲೀಸರು ಆರೋಪ ಮಾಡಿದರು. ಮುಂದೆ ಆ ಪ್ರಕರಣವನ್ನು ಸರ್ಕಾರವೇ ಹಿಂಪಡೆಯಿತು, ಅದು ಬೇರೆ ಮಾತು. ಆದರೆ ಆವತ್ತು ಸುದ್ದಿ ಚಾನೆಲ್‌ಗಳ ರೇಟಿಂಗ್ ನಿಂತಿದ್ದು ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಸುಮಾರು ಹದಿನೇಳು ತಿಂಗಳು ಅಂಕಿಯೇ ಇಲ್ಲ. ಟಿಆರ್‌ಪಿಗಾಗಿ ಕೂಗ್ತೀರಿ ಅಂತ ನೀವು ನಮ್ಮನ್ನು ಬೈತೀರಲ್ಲ, ಆ ಹದಿನೇಳು ತಿಂಗಳು ಚಾನೆಲ್‌ಗಳು ಮೆತ್ತಗಾದವಾ? ನನಗಂತೂ ಹಾಗೆ ಕಾಣಲಿಲ್ಲ. ಅಭ್ಯಾಸಕ್ಕೆ ಮೀಟರ್ ಬೇಕಾಗಿಲ್ಲ ನೋಡಿ.

ಮೊಬೈಲ್‌ನಲ್ಲಿ ಎಲ್ಲ ಪಕ್ಕಾ ಲೆಕ್ಕ ಅನ್ನೋರೂ ಇದ್ದಾರೆ. ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿದ್ದೇನು? ಜನ ಒಂದು ವಿಡಿಯೋವನ್ನು ಸರಾಸರಿ ಎಷ್ಟು ಹೊತ್ತು ನೋಡ್ತಾರೆ ಅನ್ನೋದನ್ನ ಎರಡು ವರ್ಷ ಉಬ್ಬಿಸಿ ತೋರಿಸಿತ್ತು. ಮೂರು ಸೆಕೆಂಡಿಗೂ ಮೊದಲೇ ಬಿಟ್ಟು ಹೋದವರನ್ನು ಭಾಗಾಕಾರದಿಂದಲೇ ಕೈಬಿಟ್ಟಿದ್ದರು. ಕ್ಲಾಸಿನ ಸರಾಸರಿ ತೆಗೆಯುವಾಗ ಸೊನ್ನೆ ತಗೊಂಡವರನ್ನು ಬಿಟ್ಟ ಹಾಗೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಹೋದ ತಿಂಗಳು ಪಾವಗಡ ಕಡೆಯ ಫ್ಲೋರೈಡ್ ನೀರಿನ ಬಗ್ಗೆ ನಮ್ಮ ವರದಿಯ ಎರಡು ಭಾಗ ಪ್ರಸಾರವಾಯ್ತು. ಕೊಳವೆಬಾವಿ ನೀರು ಕುಡಿದೇ ಹಲ್ಲು ಹಳದಿಯಾದ ಮಕ್ಕಳು, ಮಂಡಿ ಮಡಚಲಾಗದ ಹಿರಿಯರು. ನಿಮಿಷದ ಗ್ರಾಫ್ ನೋಡಿದರೆ ನಡುವೆ ದಿಢೀರ್ ಇಳಿದಿತ್ತು. ಮೂರನೇ ಭಾಗ ಬೇಡ, ಆ ಜಾಗಕ್ಕೆ ಸಿನಿಮಾ ನಟರ ಜಗಳ ಇರಲಿ ಅಂತ ಮೀಟಿಂಗ್‌ನಲ್ಲಿ ಮಾತು ಬಂತು.

ಆಗ ಬಾಯಿ ಬಿಟ್ಟವರು ನಮ್ಮ ಲೆಕ್ಕದ ಮನುಷ್ಯರೇ. ಗ್ರಾಫ್ ಇಳಿದ ನಿಮಿಷವನ್ನೂ ನಮ್ಮ ಜಾಹೀರಾತು ಶುರುವಾದ ನಿಮಿಷವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಎರಡೂ ಒಂದೇ! ಜನ ಓಡಿದ್ದು ನೀರಿನ ಸುದ್ದಿಗಲ್ಲ, ಸೋಪಿನ ಜಾಹೀರಾತಿಗೆ. ಯೂಟ್ಯೂಬ್‌ನಲ್ಲಿ ಅದೇ ವರದಿಗೆ ಬಂದವರು ಕಮ್ಮಿ, ಆದರೆ ಬಂದವರಲ್ಲಿ ಹೆಚ್ಚಿನವರು ಕೊನೆವರೆಗೂ ಕೂತಿದ್ದರು. ಇನ್ನೊಂದು ಮಾತೂ ಹೇಳಿದರು: "ಸರ್, ಕರೆಂಟ್ ಹೋದ ಹಳ್ಳಿಯಲ್ಲಿ ಮೀಟರ್ ಸೊನ್ನೆ ತೋರಿಸುತ್ತೆ. ಜನಕ್ಕೆ ಇಷ್ಟವಿಲ್ಲ ಅಂತ ಅದರ ಅರ್ಥ ಅಲ್ಲ." ಬೇಸಿಗೆಯ ಅಂಕಿ ವಿವರಿಸುವ ಮೊದಲು ಅವರು ಲೋಡ್ ಶೆಡ್ಡಿಂಗ್ ಪಟ್ಟಿ ನೋಡ್ತಾರಂತೆ. ನನಗೆ ಅದು ಹೊಸ ವಿಷಯ.

ಮೂರನೇ ಭಾಗ ಇದೇ ಶನಿವಾರ ರಾತ್ರಿ ಒಂಬತ್ತಕ್ಕೆ, ಬ್ರೇಕ್ ಇಲ್ಲದೆ. 2022ರಲ್ಲಿ ರೇಟಿಂಗ್ ಮತ್ತೆ ಶುರುವಾದಾಗಿನಿಂದ ಸುದ್ದಿ ಚಾನೆಲ್‌ಗಳಿಗೆ ಕೊಡೋಕೆ ಶುರು ಮಾಡಿದ್ದು ನಾಲ್ಕು ವಾರದ ಸರಾಸರಿ. ಅದರೊಳಗೆ ಒಂದು ಶನಿವಾರದ ಅರ್ಧ ಗಂಟೆಯನ್ನು ಹುಡುಕಿ ತೆಗೆಯೋದು ಅವರಿಗೂ ಕಷ್ಟವೇ. ನೀವು ನೋಡಿ.